ಚೌಕಿಯಲ್ಲೇ ಕುಣಿದು ದಣಿಯಬೇಡಿ: ಈಜು ಸ್ಪರ್ಧೆಗೆ ಮುನ್ನ ತಾಲೀಮು ಇಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಮಕ್ಕಳಿಗೂ ಕೆಲವು ದೊಡ್ಡವರಿಗೂ ಈಜು ಹೇಳಿಕೊಡುತ್ತೇನೆ. ಸ್ಪರ್ಧೆಗೆ ಎರಡು ವಾರ ಉಳಿದಿದೆ ಎನ್ನುವಾಗ ನನ್ನ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. ಕುಮಟಾದಿಂದ ಒಬ್ಬರು, ಶಿರಸಿಯಿಂದ ಇಬ್ಬರು, ಪಕ್ಕದ ಬೀದಿಯಿಂದ ನಾಲ್ವರು. ಎಲ್ಲರ ಆತಂಕವೂ ಒಂದೇ: ‘ಸ್ಪರ್ಧೆ ಹತ್ತಿರ ಬಂತು, ನೀವು ನೋಡಿದರೆ ಕಡಿಮೆ ಈಜಿಸುತ್ತಿದ್ದೀರಿ.’ ತಿಂಗಳ ಶುಲ್ಕ ಪೂರ್ತಿ ಕೊಟ್ಟಿದ್ದೇವೆ, ಮಗುವನ್ನು ಮುಕ್ಕಾಲು ಗಂಟೆಗೇ ನೀರಿನಿಂದ ಮೇಲೆ ಹತ್ತಿಸುತ್ತೀರಲ್ಲ ಎಂದು ಮುಖಕ್ಕೆ ಹೇಳಿದ ತಂದೆಯೂ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿ ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ.

ತಾಲೀಮು ಇಳಿಸುವುದು ಎಂದರೆ ರಜೆ ಕೊಡುವುದೇ?

ಅಲ್ಲ. ಕೋಚ್‌ಗಳು ಇದಕ್ಕೆ ‘ಟೇಪರ್’ ಎನ್ನುತ್ತಾರೆ. ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುತ್ತಾ ಹೋಗುವ ಆಕಾರಕ್ಕೆ ಇರುವ ಮಾತು ಅದು. ಸ್ಪರ್ಧೆಯ ದಿನ ಹತ್ತಿರವಾದಂತೆ ಈಜುವ ಒಟ್ಟು ದೂರವನ್ನು ಹಂತಹಂತವಾಗಿ ಕಡಿಮೆ ಮಾಡುವುದು, ಆದರೆ ನೀರನ್ನು ಬಿಡದಿರುವುದು, ಮುಖ್ಯವಾಗಿ ವೇಗವನ್ನು ಬಿಡದಿರುವುದು. ರಜೆಯಲ್ಲಿ ಮನೆಯಲ್ಲಿ ಕೂರುತ್ತೇವೆ. ಇಲ್ಲಿ ದಿನವೂ ಕೊಳಕ್ಕೆ ಬರಬೇಕು, ಸರಿಯಾಗಿ ಈಜಬೇಕು, ಇನ್ನೂ ಈಜಬೇಕು ಎನ್ನಿಸುವಾಗ ಮೇಲೆ ಬರಬೇಕು. ಈ ಮೂರನೆಯದೇ ಕಷ್ಟ.

ನಮ್ಮ ಕಡೆಯವರಿಗೆ ನಾನು ಯಕ್ಷಗಾನದ ಲೆಕ್ಕ ಹೇಳುತ್ತೇನೆ. ವೇಷಧಾರಿ ಚೌಕಿಯಲ್ಲಿ, ಅಂದರೆ ರಂಗದ ಹಿಂದಿನ ಬಣ್ಣದ ಮನೆಯಲ್ಲಿ, ಬಣ್ಣ ಹಚ್ಚಿಕೊಳ್ಳುತ್ತಾನೆ, ಗೆಜ್ಜೆ ಕಟ್ಟುತ್ತಾನೆ, ಕೂತಲ್ಲೇ ನಾಲ್ಕು ಹೆಜ್ಜೆ ಲಯ ನೋಡಿಕೊಂಡಾನು. ರಾತ್ರಿ ಕುಣಿಯಬೇಕಾದ ಕುಣಿತವನ್ನೆಲ್ಲ ಚೌಕಿಯಲ್ಲೇ ಕುಣಿದು ನೋಡುವುದಿಲ್ಲ.

ಕಡಿಮೆ ಈಜಿದರೆ ವೇಗ ಹೆಚ್ಚುವುದು ಹೇಗೆ? ಇದು ಮಾತಿನ ಚಮತ್ಕಾರವಲ್ಲವೇ?

ಅನುಮಾನ ಸಹಜ. ತಾಲೀಮು ದೇಹದಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಸಾಮರ್ಥ್ಯ ಬೆಳೆಸುತ್ತದೆ. ಇನ್ನೊಂದು, ದಣಿವು ತುಂಬುತ್ತದೆ. ತಿಂಗಳುಗಟ್ಟಲೆ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಈಜಿದ ಹುಡುಗನಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ, ದಣಿವು ಮೇಲೆ ಕೂತು ಸಾಮರ್ಥ್ಯವನ್ನು ಮುಚ್ಚಿರುತ್ತದೆ. ದೂರ ಇಳಿಸಿದಾಗ ದಣಿವು ಬೇಗ ಕರಗುತ್ತದೆ, ಸಾಮರ್ಥ್ಯ ನಿಧಾನವಾಗಿ ಕರಗುತ್ತದೆ. ಈ ಎರಡು ವೇಗಗಳ ನಡುವಿನ ಅಂತರವೇ ನಮಗೆ ಸಿಗುವ ಲಾಭ.

ಒಳಗೆ ಏನಾಗುತ್ತದೆ ಎಂದು ಕೇಳುವವರಿಗೆ: ದಿನವೂ ಖಾಲಿಯಾಗುತ್ತಿದ್ದ ಸ್ನಾಯುಗಳ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಪೂರ್ತಿ ತುಂಬಿಕೊಳ್ಳುತ್ತದೆ. ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣಪುಟ್ಟ ಹಾನಿ ರಿಪೇರಿಯಾಗುತ್ತದೆ. ವೇಗಕ್ಕೆ ಬೇಕಾದ ಎಳೆಗಳು ಕಳೆದುಕೊಂಡಿದ್ದ ಚುರುಕನ್ನು ಮರಳಿ ಪಡೆಯುತ್ತವೆ, ತೋಳಿನ ಎಳೆತದಲ್ಲಿ ಬಲ ಹೆಚ್ಚುತ್ತದೆ. ನಿದ್ರೆ ಸುಧಾರಿಸುತ್ತದೆ, ಸಿಡಿಮಿಡಿ ಕಡಿಮೆಯಾಗುತ್ತದೆ. ಕೊನೆಯದನ್ನು ಮನೆಯವರು ಎಲ್ಲರಿಗಿಂತ ಮೊದಲು ಗಮನಿಸುತ್ತಾರೆ.

ಎಷ್ಟು ಸುಧಾರಣೆ ನಿರೀಕ್ಷಿಸಬಹುದು?

ಸಿಡ್ನಿ 2000ರ ಒಲಿಂಪಿಕ್ಸ್‌ಗೆ ಮುಂಚಿನ ಕೊನೆಯ ಮೂರು ವಾರಗಳಲ್ಲಿ ಈಜುಗಾರರ ಸಮಯ ಎಷ್ಟು ಬದಲಾಯಿತು ಎಂಬುದನ್ನು ಲೆಕ್ಕಹಾಕಿದ ಅಧ್ಯಯನವಿದೆ. ಸರಾಸರಿ ಸುಧಾರಣೆ ಶೇಕಡಾ 2.2ರಷ್ಟು. ಕೆಲವರು ಶೇಕಡಾ 6ರವರೆಗೂ ಹೋದರು, ಕೆಲವರು ಹಿಂದೆಯೂ ಬಿದ್ದರು. ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ 200 ಮೀಟರ್ ಫ್ರೀಸ್ಟೈಲ್ ಈಜಿದ್ದು ಅದೇ ಒಲಿಂಪಿಕ್ಸ್‌ನಲ್ಲಿ.

ಶೇಕಡಾ ಎರಡು ಎಂದರೆ ಮೂಗು ಮುರಿಯಬೇಡಿ. ನಿಮ್ಮ ಮಗಳು 100 ಮೀಟರನ್ನು 1 ನಿಮಿಷ 10 ಸೆಕೆಂಡಿನಲ್ಲಿ ಈಜುತ್ತಿದ್ದರೆ ಶೇಕಡಾ ಎರಡು ಅಂದರೆ 1.4 ಸೆಕೆಂಡ್. ಈಜಿನಲ್ಲಿ ಮೊದಲ ಸ್ಥಾನಕ್ಕೂ ಆರನೆಯ ಸ್ಥಾನಕ್ಕೂ ಎಷ್ಟೋ ಸಲ ಅಷ್ಟು ಅಂತರವೂ ಇರುವುದಿಲ್ಲ. ಆದರೆ ಆರು ತಿಂಗಳು ನೆಟ್ಟಗೆ ಕೊಳಕ್ಕೆ ಬಾರದವನು ಟೇಪರ್‌ನಿಂದ ಪದಕ ತರುತ್ತಾನೆ ಎಂದುಕೊಳ್ಳಬೇಡಿ. ಕರಗಿಸಲು ದಣಿವೇ ಇಲ್ಲದವನಿಗೆ ಇದರಿಂದ ಸಿಗುವುದೂ ಇಲ್ಲ.

ಎಷ್ಟು ದಿನ ಮೊದಲು ಶುರುಮಾಡಬೇಕು?

ಹೆಚ್ಚಿನವರಿಗೆ ಎರಡು ವಾರ. 2007ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಶ್ಲೇಷಣೆಯೊಂದರ ತೀರ್ಮಾನವೂ ಅದೇ: ಸುಮಾರು ಎರಡು ವಾರ, ದೂರದಲ್ಲಿ ಶೇಕಡಾ 41ರಿಂದ 60ರಷ್ಟು ಕಡಿತ, ವೇಗ ಮತ್ತು ವಾರದಲ್ಲಿ ಈಜುವ ದಿನಗಳ ಸಂಖ್ಯೆ ಇದ್ದ ಹಾಗೇ.

ಇದನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. 50 ಮೀಟರ್, 100 ಮೀಟರ್ ಈಜುವ, ಗಟ್ಟಿ ಮೈಕಟ್ಟಿನ ಸ್ಪ್ರಿಂಟರ್‌ಗೆ ಮೂರು ವಾರ ಬೇಕಾದೀತು. 800, 1500 ಮೀಟರ್ ಈಜುವವರಿಗೆ ಹತ್ತು ದಿನ ಸಾಕಾಗಬಹುದು. ವಾರಕ್ಕೆ ಮೂರೇ ದಿನ, ದಿನಕ್ಕೆ ಒಂದೂವರೆ ಕಿಲೋಮೀಟರ್ ಈಜುವವರಿಗೆ ನಾಲ್ಕೈದು ದಿನ ಹಗುರ ಮಾಡಿದರೆ ಮುಗಿಯಿತು, ಅವರಲ್ಲಿ ಇಳಿಸಲು ಇರುವುದೇ ಅಷ್ಟು.

ಸರಿ, ಲೆಕ್ಕ ಕೊಡಿ. ದಿನಕ್ಕೆ ಎಷ್ಟು?

ವಾರಕ್ಕೆ ಆರು ದಿನ, ದಿನಕ್ಕೆ 4,000 ಮೀಟರ್ ಈಜುವ ಹದಿನಾರರ ಹುಡುಗಿ ಎಂದಿಟ್ಟುಕೊಳ್ಳಿ. ಮೊದಲ ವಾರ ದಿನದಿಂದ ದಿನಕ್ಕೆ 3,400, 3,200, 3,000, 3,000, 2,800, 2,600. ಭಾನುವಾರ ಬಿಡುವು. ಎರಡನೆಯ ವಾರ 2,200, 2,000, 1,800, 1,600, 1,200, ಸ್ಪರ್ಧೆಯ ಹಿಂದಿನ ದಿನ 800. ಎರಡು ವಾರದ ಮಾಮೂಲಿ 48 ಕಿಲೋಮೀಟರ್ ಬದಲು 27.6 ಕಿಲೋಮೀಟರ್. ಕಡಿತ ಶೇಕಡಾ 42ರ ಆಸುಪಾಸು.

ಮೊದಲ ದಿನವೇ ಧಡಕ್ಕನೆ ಅರ್ಧಕ್ಕೆ ಇಳಿಸುವುದಕ್ಕಿಂತ ಹೀಗೆ ಇಳಿಜಾರಿನಲ್ಲಿ ಇಳಿಸುವುದು ಹೆಚ್ಚಿನವರಿಗೆ ಚೆನ್ನಾಗಿ ಒಗ್ಗುತ್ತದೆ. ಈ ಅಂಕಿಗಳನ್ನು ಮಂತ್ರದ ಹಾಗೆ ಪಾಲಿಸಬೇಕಿಲ್ಲ. ಹುಡುಗಿ ಬುಧವಾರವೂ ಬಾಡಿದ ಮುಖ ಹೊತ್ತು ಬಂದರೆ ನಾನು ಗುರುವಾರದ ಲೆಕ್ಕವನ್ನು ಅಂದೇ ಈಜಿಸುತ್ತೇನೆ.

ಹಾಗಾದರೆ ನಿಧಾನವಾಗಿ, ಆರಾಮವಾಗಿ ಈಜಿದರೆ ಆಯಿತಲ್ಲ?

ಇದೇ ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಇಪ್ಪತ್ತರ ಆಸುಪಾಸಿನಲ್ಲಿ ಒಂದು ಸ್ಪರ್ಧೆಗೆ ಮುನ್ನ ಹೆದರಿಕೆಯಿಂದ ಕೊನೆಯ ಎರಡು ದಿನ ಆರಾರು ಕಿಲೋಮೀಟರ್ ಈಜಿದೆ. 200 ಮೀಟರಿನ ಮೂರನೆಯ ಐವತ್ತರಲ್ಲಿ ತೋಳುಗಳು ಒದ್ದೆ ಗೋಣಿಚೀಲಗಳಂತಾದವು. ಮುಂದಿನ ವರ್ಷ ಬುದ್ಧಿ ಬಂತೆಂದುಕೊಂಡು ಒಂದು ವಾರ ಪೂರ್ತಿ ತೇಲುತ್ತಾ ಕಳೆದೆ. ಆಗ ದಣಿವಿರಲಿಲ್ಲ, ನಿಜ. ವೇಗವೂ ಇರಲಿಲ್ಲ. ಶೀಟಿ ಊದಿದಾಗ ದೇಹಕ್ಕೆ ಸ್ಪರ್ಧೆಯ ವೇಗ ಎಂದರೇನು ಎಂಬುದೇ ಮರೆತುಹೋದಂತಿತ್ತು.

ಕಡಿತ ಮಾಡಬೇಕಾದ್ದು ದೂರವನ್ನು, ವೇಗವನ್ನಲ್ಲ. ಹಿಂದೆ 100 ಮೀಟರಿನ ಹತ್ತು ಸುತ್ತು ಹೊಡೆಯುತ್ತಿದ್ದಲ್ಲಿ ಈಗ 50 ಮೀಟರಿನ ನಾಲ್ಕು ಸುತ್ತು ಸಾಕು. ಆದರೆ ಆ ನಾಲ್ಕೂ ಸ್ಪರ್ಧೆಯ ವೇಗದಲ್ಲೇ ಇರಬೇಕು, ನಡುವೆ ಬೇಕಾದಷ್ಟು ವಿಶ್ರಾಂತಿ ಸಿಗಬೇಕು. ಸುತ್ತಿನ ಮಧ್ಯೆ ಏದುಸಿರು ಪೂರ್ತಿ ತಣಿದ ಮೇಲೆಯೇ ಮುಂದಿನದು. 15 ಮೀಟರಿನ ಪೂರ್ಣ ವೇಗದ ಈಜುಗಳು, ಡೈವ್, ಗೋಡೆಯ ಬಳಿ ತಿರುಗುವ ಟರ್ನ್, ಗೋಡೆ ಮುಟ್ಟುವುದು, ರಿಲೇಯಲ್ಲಿ ಇದ್ದರೆ ಒಬ್ಬರ ಕೈ ಗೋಡೆಗೆ ತಾಗುವ ಕ್ಷಣಕ್ಕೆ ಇನ್ನೊಬ್ಬರು ಹಾರುವ ಹೊಂದಾಣಿಕೆ, ಇವುಗಳಿಗೆ ಈಗ ಸಮಯ ಕೊಡಿ. ಟರ್ನ್‌ಗಳಲ್ಲಿ ಕಳೆದುಕೊಳ್ಳುವ ಅರ್ಧ ಸೆಕೆಂಡನ್ನು ಎರಡು ವಾರದಲ್ಲಿ ಹಿಂದೆ ಪಡೆಯಬಹುದು. ದಮ್ಮನ್ನು ಎರಡು ವಾರದಲ್ಲಿ ಕಟ್ಟಲು ಆಗುವುದಿಲ್ಲ.

ಆಮೇಲೆ, ದಿನವೂ ಸ್ಟಾಪ್‌ವಾಚ್ ಹಿಡಿದು ಪೂರ್ತಿ 100 ಮೀಟರ್ ಪರೀಕ್ಷೆ ನಡೆಸುವ ಪೋಷಕರೇ, ದಯವಿಟ್ಟು ಗಡಿಯಾರವನ್ನು ಮನೆಯಲ್ಲಿಡಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು.

ದಿನ ಬಿಟ್ಟು ದಿನ ಈಜಿದರೆ ಸಾಕಲ್ಲವೇ? ಹೇಗೂ ಕಡಿಮೆ ಮಾಡುವುದು ತಾನೇ?

ಬೇಡ. ನೀರಿನ ಹಿಡಿತ ವಿಚಿತ್ರವಾದದ್ದು. ಅಂಗೈಗೆ ನೀರು ಗಟ್ಟಿಯಾಗಿ ಸಿಗುತ್ತಿದೆ ಎಂಬ ಆ ಅನುಭವ ಮೂರು ದಿನ ಬಿಟ್ಟರೆ ಜಾರಿಹೋಗುತ್ತದೆ. ಓಟಗಾರ ಎರಡು ದಿನ ಓಡದಿದ್ದರೂ ನಡೆಯುತ್ತಾನೆ, ನೆಲದ ಮೇಲೇ ಇರುತ್ತಾನೆ. ಈಜುಗಾರನಿಗೆ ಕೊಳದ ಹೊರಗೆ ನೀರು ಸಿಗುವುದಿಲ್ಲ. ವಾರಕ್ಕೆ ಆರು ದಿನ ಈಜುವವರು ಐದು ದಿನಕ್ಕಾದರೂ ಬರಬೇಕು, ಇಪ್ಪತ್ತೈದು ನಿಮಿಷ ಈಜಿ ಹೋದರೂ ಚಿಂತೆಯಿಲ್ಲ. ದಿನಕ್ಕೆ ಎರಡು ಹೊತ್ತು ಈಜುವವರು ಒಂದು ಹೊತ್ತನ್ನು ಬಿಡಬಹುದು. ಬಿಡುವುದಾದರೆ ಬೆಳಗಿನ ಜಾವದ ಹೊತ್ತನ್ನು ಬಿಡಿ, ನಿದ್ರೆಯಾದರೂ ಸಿಗಲಿ.

ಮೂರನೆಯ ದಿನದಿಂದ ಮೈಯೆಲ್ಲ ಭಾರ, ಕೈಕಾಲು ಸೀಸದಂತೆ. ಏನೋ ತಪ್ಪಾಗಿದೆಯೇ?

ಬಹುತೇಕ ಏನೂ ತಪ್ಪಾಗಿಲ್ಲ. ಈ ಪ್ರಶ್ನೆ ಕೇಳದ ಈಜುಗಾರನನ್ನು ನಾನು ಇನ್ನೂ ಕಂಡಿಲ್ಲ. ಇಳಿಕೆ ಶುರುವಾದ ಮೂರರಿಂದ ಆರನೆಯ ದಿನದ ಒಳಗೆ ಹಲವರಿಗೆ ಮೈ ಜಡವೆನಿಸುತ್ತದೆ, ಸಮಯ ಕೆಡುತ್ತದೆ, ಇಲ್ಲದ ಭುಜನೋವು ಕಾಣಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ದಣಿವಿನಲ್ಲೇ ಬದುಕಿದ ದೇಹ ರಿಪೇರಿ ಕೆಲಸಕ್ಕೆ ಕೂತಿದೆ. ಸಣ್ಣ ನೋವುಗಳನ್ನು ಆಲಿಸಲು ಮನಸ್ಸಿಗೂ ಈಗ ಪುರುಸೊತ್ತು ಸಿಕ್ಕಿದೆ.

ತೂಕವೂ ಒಂದು ಕಿಲೋ ಏರಬಹುದು. ಅದು ಕೊಬ್ಬಲ್ಲ. ಸ್ನಾಯುವಿನಲ್ಲಿ ಸೇರುವ ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ದಾಸ್ತಾನು ತುಂಬುತ್ತಿದೆ. ಈ ಹಂತದಲ್ಲಿ ಹೆದರಿ ಮತ್ತೆ ಐದು ಕಿಲೋಮೀಟರ್ ಹೊಡೆದವರು ಇಡೀ ಟೇಪರನ್ನು ನೀರಿಗೆ ಹಾಕಿದಂತೆ. ನೋವು ಒಂದೇ ಜಾಗದಲ್ಲಿ, ಚುಚ್ಚಿದಂತೆ, ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಮಾತ್ರ ಕತೆ ಬೇರೆ. ಆಗ ನನಗಲ್ಲ, ವೈದ್ಯರಿಗೆ ಫೋನ್ ಮಾಡಿ.

ನನ್ನ ಮಗನಿಗೆ ಹತ್ತು ವರ್ಷ. ಅವನಿಗೂ ಎರಡು ವಾರ ಬೇಕೇ?

ಬೇಡ. ಆ ವಯಸ್ಸಿನವರು ಸಂಜೆ ಸುಸ್ತಾದರೆ ಬೆಳಿಗ್ಗೆ ಎದ್ದು ಅಡಿಕೆ ಅಂಗಳದ ತುಂಬ ಓಡುತ್ತಿರುತ್ತಾರೆ. ಎರಡು ಮೂರು ದಿನ ಸ್ವಲ್ಪ ಹಗುರ ಮಾಡಿ, ಸ್ಟಾರ್ಟ್ ಮತ್ತು ಟರ್ನ್ ಆಟದಂತೆ ಆಡಿಸಿ. ‘ಟೇಪರ್’ ಎಂಬ ಶಬ್ದವನ್ನೇ ಅವನ ಕಿವಿಗೆ ಹಾಕಬೇಡಿ. ದೊಡ್ಡವರ ಗಂಭೀರ ಮುಖ ನೋಡಿಯೇ ಮಕ್ಕಳ ಹೊಟ್ಟೆ ಕೆಡುತ್ತದೆ.

ನನಗೆ ನಲವತ್ತೆಂಟು. ಮಾಸ್ಟರ್ಸ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ.

ಶಾಭಾಸ್. ವಯಸ್ಸಾದಂತೆ ದಣಿವು ಕರಗಲು ಹೆಚ್ಚು ಸಮಯ ಬೇಕು, ಆದ್ದರಿಂದ ಕಠಿಣ ಸೆಟ್‌ಗಳ ನಡುವೆ ಒಂದು ದಿನದ ಬದಲು ಎರಡು ದಿನ ಅಂತರವಿಡಿ. ಆದರೆ ನಮ್ಮ ವಯಸ್ಸಿನವರ ನಿಜವಾದ ಸಮಸ್ಯೆ ಕೊಳದ ಹೊರಗಿರುತ್ತದೆ. ಕಚೇರಿಯಲ್ಲಿ ಮಾರ್ಚ್ ಕೊನೆಯ ಲೆಕ್ಕ, ಮನೆಯಲ್ಲಿ ಗೃಹಪ್ರವೇಶ, ತೋಟದಲ್ಲಿ ಕೊನೆಕೊಯ್ಲು. ಶಿರಸಿಯ ಪರಿಚಯಸ್ಥರೊಬ್ಬರು ಈಜನ್ನು ಶಿಸ್ತಾಗಿ ಅರ್ಧಕ್ಕೆ ಇಳಿಸಿ, ಉಳಿದ ಸಮಯದಲ್ಲಿ ದಿನವಿಡೀ ಅಡಿಕೆ ಮೂಟೆ ಹೊತ್ತರು. ಮೂಟೆಯನ್ನೂ ತಾಲೀಮಿನ ಲೆಕ್ಕಕ್ಕೇ ಸೇರಿಸಬೇಕು ಎಂದು ನಾನು ಅವರಿಗೆ ಮೊದಲೇ ಹೇಳಲಿಲ್ಲ, ಅದು ನನ್ನ ತಪ್ಪು.

ಜಿಮ್?

ಭಾರ ಎತ್ತುವುದನ್ನು ಎರಡು ವಾರದ ಮೊದಲು ಅರ್ಧಕ್ಕೆ ಇಳಿಸಿ, ಕೊನೆಯ ಏಳೆಂಟು ದಿನ ನಿಲ್ಲಿಸಿ. ಭುಜ ಬಿಸಿ ಮಾಡುವ ರಬ್ಬರ್ ಬ್ಯಾಂಡ್ ಕಸರತ್ತು, ಹಗುರ ಸ್ಟ್ರೆಚಿಂಗ್ ಮುಂದುವರಿಸಬಹುದು. ಬಿಡುವು ಸಿಕ್ಕಿತೆಂದು ಹೊಸದಾಗಿ ಫುಟ್‌ಬಾಲ್, ಕಬಡ್ಡಿ ಶುರುಮಾಡಬೇಡಿ.

ಕಡಲಲ್ಲಿ ಈಜುವ ಸ್ಪರ್ಧೆಗೂ ಇದೇ ಲೆಕ್ಕವೇ?

ತತ್ವ ಅದೇ, ವಿವರಗಳು ಬೇರೆ. ಗೋವಾ ದಾಟಿದರೆ ಸಿಗುವ ಮಾಲ್ವಣದ ಚಿವಲಾ ಕಡಲತೀರದಲ್ಲಿ ಡಿಸೆಂಬರ್ ಹೊತ್ತಿಗೆ ಕಡಲ ಈಜು ಸ್ಪರ್ಧೆ ನಡೆಯುತ್ತದೆ, ನಮ್ಮ ಕಡೆಯಿಂದಲೂ ಹೋಗುವವರಿದ್ದಾರೆ. ಮೂರು ಅಥವಾ ಐದು ಕಿಲೋಮೀಟರ್ ಈಜುವವರು ತಮ್ಮ ಅತಿ ಉದ್ದದ ಈಜನ್ನು ಸ್ಪರ್ಧೆಗೆ ಎರಡು ಮೂರು ವಾರ ಇರುವಾಗ ಮುಗಿಸಿಬಿಡಬೇಕು. ಆ ಮೇಲೆ ಉದ್ದ ಈಜಿ ‘ಆಗುತ್ತದೆಯೇ’ ಎಂದು ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಕೊನೆಯ ಹತ್ತು ದಿನ ದೂರ ಕಡಿಮೆ, ನಡುನಡುವೆ ಸ್ಪರ್ಧೆಯ ವೇಗದ ಐದೈದು ನಿಮಿಷದ ತುಂಡುಗಳು, ಪ್ರತಿ ಹತ್ತು ಹನ್ನೆರಡು ಹೊಡೆತಕ್ಕೊಮ್ಮೆ ತಲೆ ಎತ್ತಿ ಗುರಿ ನೋಡುವ ಅಭ್ಯಾಸ.

ಕೊಳದಲ್ಲಿ ಇಲ್ಲದ ಒಂದು ಲೆಕ್ಕ ಕಡಲಲ್ಲಿದೆ: ಉಬ್ಬರ ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಇಂದು ಬೆಳಿಗ್ಗೆ ಏಳಕ್ಕೆ ಉಬ್ಬರವಿದ್ದರೆ ಒಂದು ವಾರದ ಮೇಲೆ ಅದೇ ಏಳಕ್ಕೆ ಇಳಿತ ಇರುತ್ತದೆ. ಹೀಗಾಗಿ ಟೇಪರ್ ವಾರದಲ್ಲಿ ಕಾರವಾರದ ಟಾಗೋರ್ ಕಡಲತೀರದ ಬಳಿ ‘ಅದೇ ದೂರಕ್ಕೆ ನಿನ್ನೆಗಿಂತ ಮೂರು ನಿಮಿಷ ಹೆಚ್ಚು’ ಎಂದು ಕಂಗಾಲಾಗುವ ಮೊದಲು ನೀರು ಯಾವ ಕಡೆ ಹರಿಯುತ್ತಿತ್ತು ಎಂದು ನೋಡಿ. ಕಾಳಿ ನದಿಯ ಅಳಿವೆಯ ಹತ್ತಿರವಂತೂ ಇಳಿತದ ಸೆಳೆತ ಹೊರಗೆ ಎಳೆಯುತ್ತದೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೆ ಆ ದಿಕ್ಕಿಗೆ ಹೋಗಲೇಬೇಡಿ. ಒಬ್ಬರೇ ಇಳಿಯುವುದಂತೂ ಯಾವ ದಿನವೂ ಇಲ್ಲ. ದೋಣಿಯವರು ಗೊತ್ತಿದ್ದರೆ ಅವರನ್ನು ಕೇಳಿ, ಆ ನೀರಿನ ಸ್ವಭಾವ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮಳೆಗಾಲದ ಮಾತು ಬೇರೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಆ ನಿಷೇಧ ಮೀನಿನ ಸಂತಾನಕ್ಕಾಗಿ ಇರುವುದಾದರೂ, ಆ ದಿನಗಳ ಅಲೆ ನೋಡಿದವರಿಗೆ ಈಜುಗಾರನಿಗೆ ಅಲ್ಲಿ ಏನು ಕೆಲಸ ಎಂಬುದು ತಿಳಿಯುತ್ತದೆ.

ಕಡಲಿಗೆ ಹೋಗುವವರಿಗೆ ನನ್ನ ಇನ್ನೊಂದು ಕಟ್ಟಳೆ: ಕೊನೆಯ ಮೂರು ದಿನ ಕೊಳದಲ್ಲೇ ಈಜಿ. ಜೆಲ್ಲಿ ಫಿಶ್ ಕುಟುಕಿದ ತೋಳು, ಚಿಪ್ಪಿಗೆ ಕೊಯ್ದ ಪಾದ ಹೊತ್ತು ಸ್ಪರ್ಧೆಗೆ ಹೋಗುವುದು ಬೇಡ. ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ, ಕಡಲ ನೀರಿನಲ್ಲೇ ತೊಳೆದು ವೈದ್ಯರಿಗೆ ತೋರಿಸಿ.

ಊಟ ಹೇಗಿರಬೇಕು? ಕಡಿಮೆ ಈಜುವಾಗ ಕಡಿಮೆ ಉಣ್ಣಬೇಕಲ್ಲವೇ?

ಅನ್ನ ಕಡಿಮೆ ಮಾಡಬೇಡಿ. ದಾಸ್ತಾನು ತುಂಬುವುದು ಅದರಿಂದಲೇ. ಕುಚ್ಚಲಕ್ಕಿ ಗಂಜಿ, ತೆಳ್ಳೇವು, ಇಡ್ಲಿ, ಅವಲಕ್ಕಿ, ಬಾಳೆಹಣ್ಣು, ಎಲ್ಲವೂ ಒಳ್ಳೆಯದೇ. ಮೀನು ತಿನ್ನುವವರಿಗೆ ಬಂಗುಡೆ ಸಾರಿನಂಥದ್ದು ಬೇರೆ ಬೇಕಿಲ್ಲ, ತಿನ್ನದವರಿಗೆ ಬೇಳೆ, ಮೊಸರು, ಕಾಳು ಇವೆ. ಕಡಿಮೆ ಮಾಡಬೇಕಾದ್ದು ಕರಿದ ತಿಂಡಿ, ಅದೂ ಬಿಡುವಿನ ಹೊತ್ತಿನಲ್ಲಿ ಬೇಸರ ಕಳೆಯಲು ಬಾಯಿಗೆ ಹೋಗುವ ಚಿಪ್ಸ್ ಪೊಟ್ಟಣ. ಸೆಕೆಯ ಊರು ನಮ್ಮದು, ನೀರಿನಲ್ಲಿದ್ದರೂ ಬೆವರುತ್ತೇವೆ, ಅದು ಗೊತ್ತಾಗುವುದಿಲ್ಲ. ಮುರುಗಲು ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ.

ಸ್ಪರ್ಧೆಯ ದಿನ ಈಜಿಗೆ ಎರಡೂವರೆ ಮೂರು ಗಂಟೆ ಮುಂಚೆ ಹಗುರ ತಿಂಡಿ ಮುಗಿಸಿ. ಹೊಸದನ್ನು ಏನೂ ಪ್ರಯತ್ನಿಸಬೇಡಿ. ಅಂಗಡಿಯವನು ಹೇಳಿದ ಬಣ್ಣದ ಪುಡಿಗಳ ವಿಷಯ ಬಂದರೆ ನಾನು ಜಗಳಕ್ಕೇ ಇಳಿಯುತ್ತೇನೆ, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ನಿದ್ರೆ ಮತ್ತು ಪ್ರಯಾಣ?

ಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ಸ್ಪರ್ಧೆಯ ಹಿಂದಿನ ರಾತ್ರಿ ನಿದ್ರೆ ಬಾರದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ, ಅದು ಎಲ್ಲರಿಗೂ ಆಗುವಂಥದ್ದು. ಅದರ ಹಿಂದಿನ ಐದಾರು ರಾತ್ರಿಗಳು ಚೆನ್ನಾಗಿರಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಗೂ ಸ್ಪರ್ಧೆಗೂ ಒಂದೇ ವಾರ ಬಂದರೆ ಏನು ಮಾಡಬೇಕು ಎಂದು ಶಿರಸಿಯ ತಾಯಿಯೊಬ್ಬರು ಕೇಳಿದ್ದರು. ಜಾತ್ರೆಗೆ ಹಗಲಲ್ಲಿ ಕರೆದುಕೊಂಡು ಹೋಗಿ, ರಾತ್ರಿಯಿಡೀ ಯಕ್ಷಗಾನದ ಆಟಕ್ಕೆ ಕೂರಿಸಬೇಡಿ ಎಂದೆ. ಜಾತ್ರೆಯೇ ಬೇಡವೆನ್ನುವ ಧೈರ್ಯ ನನಗೂ ಇಲ್ಲ.

ಪ್ರಯಾಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವಷ್ಟರಲ್ಲಿ ಅರ್ಧ ಮಕ್ಕಳ ಮುಖ ಬೆಳ್ಳಗಾಗಿರುತ್ತದೆ. ಸ್ಪರ್ಧೆಯ ಬೆಳಿಗ್ಗೆಯೇ ಘಟ್ಟ ಇಳಿಸುವುದು ಬೇಡ, ಹಿಂದಿನ ದಿನ ಹೊರಡಿ, ಮುಂದಿನ ಸೀಟು ಹಿಡಿಯಿರಿ. ಮಂಗಳೂರಿಗೆ ಹೋಗುವವರಿಗೆ ಕಾರವಾರದಿಂದ ರೈಲೇ ಸುಖ, ಕಾಲು ಚಾಚಬಹುದು, ಎದ್ದು ಓಡಾಡಬಹುದು. ತಲುಪಿದ ಸಂಜೆ ಅಲ್ಲಿನ ಕೊಳದಲ್ಲಿ ಹದಿನೈದು ಇಪ್ಪತ್ತು ನಿಮಿಷ ಈಜಿ ಪ್ರಯಾಣದ ಜಡ ಕಳೆಯಿರಿ. 25 ಮೀಟರ್ ಕೊಳದಲ್ಲೇ ಕಲಿತವರಿಗೆ ಮಂಗಳೂರಿನ ಎಮ್ಮೆಕೆರೆಯಂಥ 50 ಮೀಟರ್ ಕೊಳದ ಗೋಡೆ ಬರುವುದೇ ಇಲ್ಲವೇನೋ ಅನ್ನಿಸುತ್ತದೆ. ಆ ಗಾಬರಿ ಹಿಂದಿನ ದಿನವೇ ತೀರಲಿ.

ನಡುವೆ ಜ್ವರ ಬಂದರೆ?

ಜ್ವರವಿರುವಾಗ ನೀರಿಗೆ ಇಳಿಯಬೇಡಿ. ಬಿಟ್ಟುಹೋದ ದಿನಗಳನ್ನು ಆಮೇಲೆ ತುಂಬಿಸಲು ಹೋಗಬೇಡಿ. ಎರಡು ಮೂರು ದಿನ ಹೋದರೆ ಟೇಪರ್ ಸ್ವಲ್ಪ ಆಳವಾಯಿತು ಎಂದುಕೊಳ್ಳಿ. ವಾರವಿಡೀ ಮಲಗಿದವರು ಹೆಸರು ಹಿಂದಕ್ಕೆ ಪಡೆಯುವುದೇ ಸರಿ.

ಒಂದರ ಹಿಂದೆ ಒಂದು ಸ್ಪರ್ಧೆಗಳಿವೆ. ಪ್ರತಿಯೊಂದಕ್ಕೂ ಇಳಿಸಬೇಕೇ?

ಶಾಲಾ ಕ್ರೀಡಾಕೂಟಗಳ ಕಾಲದಲ್ಲಿ ಈ ಪ್ರಶ್ನೆ ಹೆಚ್ಚು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳು. ನಮ್ಮ ಜಿಲ್ಲೆಯೊಳಗೇ ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಎರಡೂ ಕಡೆಯ ಮಕ್ಕಳು ಎದುರುಬದುರಾಗುವುದು ಬೆಳಗಾವಿ ವಿಭಾಗದ ಮಟ್ಟದಲ್ಲಿ. ಪ್ರತಿ ಮೆಟ್ಟಿಲಿಗೂ ಎರಡು ವಾರ ಇಳಿಸುತ್ತಾ ಹೋದರೆ ತಾಲೀಮು ಮಾಡುವುದು ಯಾವಾಗ? ತಾಲ್ಲೂಕು, ಜಿಲ್ಲೆಗಳಿಗೆ ದಣಿವಿನಲ್ಲೇ ಈಜಿಸಿ, ಹೆಚ್ಚೆಂದರೆ ಹಿಂದಿನ ಎರಡು ದಿನ ಹಗುರ. ವಿಭಾಗಕ್ಕೆ ನಾಲ್ಕೈದು ದಿನ. ನಿಜವಾದ ಟೇಪರನ್ನು ರಾಜ್ಯಕ್ಕೆ ಇಟ್ಟುಕೊಳ್ಳಿ. ಜಿಲ್ಲೆಯಲ್ಲಿ ಗೆಲ್ಲುವುದೇ ಕಷ್ಟ ಎನ್ನುವ ಮಗುವಿಗೆ ಮಾತ್ರ ಜಿಲ್ಲೆಯೇ ರಾಜ್ಯ.

ಒಂದು ಶಿಖರ ಹತ್ತಿ ಇಳಿದು ತಿಂಗಳೊಳಗೆ ಮತ್ತೆ ಹತ್ತುವುದು ದೊಡ್ಡವರಿಗೂ ಸುಲಭವಲ್ಲ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಒಲಿಂಪಿಕ್ಸ್‌ನ ನೇರ ಅರ್ಹತೆ ಗಳಿಸಿದರು. ಮುಂದಿನ ತಿಂಗಳು ಟೋಕಿಯೊದಲ್ಲಿ ಅವರ ಸಮಯ 54.31. ಅರ್ಹತೆಗಾಗಿ ಒಮ್ಮೆ, ಸ್ಪರ್ಧೆಗಾಗಿ ಇನ್ನೊಮ್ಮೆ ಮೈಯನ್ನು ಹದಕ್ಕೆ ತರಬೇಕಾದವರ ಪಾಡನ್ನು ಆ ಅರ್ಧ ಸೆಕೆಂಡಿನಲ್ಲಿ ನಾನು ಓದುತ್ತೇನೆ. ನಮ್ಮ ಮಕ್ಕಳಿಂದ ಆರು ವಾರದಲ್ಲಿ ನಾಲ್ಕು ಶ್ರೇಷ್ಠ ಸಮಯ ಕೇಳುವ ಶಾಲೆಗಳು ಇದನ್ನು ನೋಡಬೇಕು.

ಮೈಯ ಕೂದಲು ತೆಗೆದರೆ ವೇಗ ಹೆಚ್ಚುತ್ತದೆ ಎನ್ನುತ್ತಾರೆ, ನಿಜವೇ?

ನಿಜ, ನೀರಿನ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಚರ್ಮಕ್ಕೆ ನೀರು ಹೊಸದಾಗಿ ತಾಗಿದಂತೆ ಅನ್ನಿಸುತ್ತದೆ. ದೊಡ್ಡವರು ದೊಡ್ಡ ಸ್ಪರ್ಧೆಗೆ ಮಾಡಿಕೊಳ್ಳಲಿ. ಮೀಸೆ ಚಿಗುರದ ಹುಡುಗರಿಗೆ ಇದರ ಗೊಡವೆ ಬೇಡ.

ಸ್ಪರ್ಧೆಯ ಬೆಳಿಗ್ಗೆ ವಾರ್ಮ್ ಅಪ್ ಮಾಡಿದರೆ ಶಕ್ತಿ ಖರ್ಚಾಗುವುದಿಲ್ಲವೇ?

ಇಲ್ಲ. 800ರಿಂದ 1,200 ಮೀಟರ್ ಹಗುರವಾಗಿ ಈಜಿ, ಕೊನೆಯಲ್ಲಿ ಸ್ಪರ್ಧೆಯ ವೇಗದ ಒಂದೆರಡು 25 ಮೀಟರ್, ಎರಡು ಡೈವ್. ಮೇಲೆ ಬಂದು ಮೈ ಒರೆಸಿ ಒಣಬಟ್ಟೆ ತೊಡಿ, ಒದ್ದೆ ಉಡುಪಿನಲ್ಲಿ ಫ್ಯಾನಿನ ಕೆಳಗೆ ಕೂರಬೇಡಿ. ವಾರ್ಮ್ ಅಪ್ ಮುಗಿದು ನಿಮ್ಮ ಸರದಿ ಬರಲು ಒಂದು ಗಂಟೆ ಆದರೆ ಬಿಸಿಯೆಲ್ಲ ಆರಿಹೋಗುತ್ತದೆ. ನಮ್ಮ ಕೂಟಗಳಲ್ಲಿ ಗಣ್ಯರ ಭಾಷಣ ಮುಗಿಯುವವರೆಗೆ ಸ್ಪರ್ಧೆ ಶುರುವಾಗುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಕರೆಯುವ ಹತ್ತು ನಿಮಿಷ ಮೊದಲು ತೋಳು ಬೀಸಿ, ನಾಲ್ಕು ಸಲ ಜಿಗಿಯಿರಿ.

ಎಲ್ಲ ಸರಿಯಾಗಿ ಮಾಡಿಯೂ ಸಮಯ ಸುಧಾರಿಸಲಿಲ್ಲ.

ತಾಲೀಮಿನ ಲೆಕ್ಕ ಬರೆದಿಟ್ಟ ಪುಸ್ತಕ ತೆಗೆಯಿರಿ. ಎಷ್ಟು ದಿನ ಇಳಿಸಿದಿರಿ, ದಿನಕ್ಕೆ ಎಷ್ಟು ಮೀಟರ್, ಎಷ್ಟು ಗಂಟೆ ನಿದ್ರೆ, ಯಾವ ದಿನ ಮೈ ಹಗುರವೆನಿಸಿತು, ಸ್ಪರ್ಧೆ ಮುಗಿದ ಎಷ್ಟನೆಯ ದಿನ ಈಜು ಸೊಗಸಾಗಿತ್ತು. ಸ್ಪರ್ಧೆ ಮುಗಿದು ನಾಲ್ಕನೆಯ ದಿನ ಹಾರಿದಂತೆ ಈಜಿದರೆ ನಿಮಗೆ ಇನ್ನಷ್ಟು ದಿನ ಬೇಕಿತ್ತು ಎಂದರ್ಥ. ಸ್ಪರ್ಧೆಗೆ ಐದು ದಿನ ಇರುವಾಗಲೇ ಮೈ ಹಗುರಾಗಿ, ಸ್ಪರ್ಧೆಯ ದಿನ ಮಂಕಾಗಿದ್ದರೆ ಬೇಗ ಶುರುಮಾಡಿದಿರಿ. ನನ್ನ ಬಳಿ ಒಬ್ಬ ಹುಡುಗಿಯದ್ದು ನಾಲ್ಕು ಸ್ಪರ್ಧೆಗಳ ಲೆಕ್ಕವಿದೆ. ಮೊದಲ ಮೂರರಲ್ಲಿ ಹದಿನಾಲ್ಕು ದಿನ ಕೊಟ್ಟು ಕೆಡಿಸಿದ್ದು ನಾನೇ, ಒಂಬತ್ತು ದಿನಕ್ಕೆ ಇಳಿಸಿದಾಗ ಅವಳ ಮೈ ಹದಕ್ಕೆ ಬಂತು. ಐದನೆಯ ಸ್ಪರ್ಧೆಗೆ ಹನ್ನೊಂದು ದಿನ ಕೇಳುತ್ತಿದ್ದಾಳೆ. ನಾನಿನ್ನೂ ಒಪ್ಪಿಲ್ಲ.